ಚಿಪ್ಪಕ್ಕನ ಹೆಸರಿನ ಕಲ್ಲುಗಳು

ಕವಳಿಕೆರೆಯ ಸುತ್ತ ಒಂದು ದಟ್ಟ ಕಾಡು. ಆ ಕಾಡಿನ ಪ್ರಾಣಿಗಳಲ್ಲಿ ಒಂದು ಪದ್ಧತಿ ಇತ್ತು ಮಕ್ಕಳೇ. ಯಾರಾದರೂ ಕಂಡುಹಿಡಿದ ವಿಷಯ ನಿಮ್ಮ ಉಪಯೋಗಕ್ಕೆ ಬಂದರೆ, ಅವರ ಹೆಸರು ಹೇಳಿ ಅವರ ಮನೆ ಮುಂದೆ ಒಂದು ಬಿಳಿ ಕಲ್ಲು ಇಡಬೇಕು. ಯಾರ ಮನೆ ಮುಂದೆ ಗುಡ್ಡೆ ದೊಡ್ಡದೋ ಅವರೇ ದೊಡ್ಡ ಪಂಡಿತರು. ಕಷ್ಟ ಬಂದಾಗ ಅವರು ಹೇಳಿದಂತೆ ನಡೆಯಬೇಕು.

ಆಗ ಎಲ್ಲಕ್ಕಿಂತ ದೊಡ್ಡ ಗುಡ್ಡೆ ಇದ್ದದ್ದು ಮುಸುವಪ್ಪ ಎಂಬ ಕೋತಿಯ ಹುಣಸೆಮರದ ಬುಡದಲ್ಲಿ. ಅವನು ಕಂಡುಹಿಡಿದದ್ದಾದರೂ ಏನು? ಹುಣಸೆಯ ಚಿಗುರು ಹುಳಿ ಇರುತ್ತದೆ ಎಂದು! ನಗಬೇಡಿ. ಅವನಿಗೆ ನಲವತ್ತು ಜನ ನೆಂಟರು. ಚಿಗುರು ಕಚ್ಚಿದಾಗಲೆಲ್ಲ "ಮುಸುವಪ್ಪ ಹೇಳಿದ್ದು ನಿಜ" ಎಂದು ಒಂದೊಂದು ಕಲ್ಲು ಇಡುತ್ತಿದ್ದರು. ಅವನೂ ಸುಮ್ಮನಿರದೆ ಅವರ ಮರಗಳ ಕೆಳಗೆ ಒಂದೊಂದು ಇಟ್ಟು ಬರುತ್ತಿದ್ದ.

ಅದೇ ಕಾಡಿನಲ್ಲಿ ಚಿಪ್ಪಕ್ಕ ಎಂಬ ಚಿಪ್ಪುಹಂದಿಯೂ ಇದ್ದಳು. ಚಿಕ್ಕಂದಿನಿಂದ ಅವಳಿಗೆ ಒಂದೇ ಹುಚ್ಚು: ಗೆದ್ದಲು ಹುತ್ತ ಹೇಗೆ ಕಟ್ಟುತ್ತದೆ? ಹುತ್ತದ ಪಕ್ಕ ಮಲಗಿ, ಮೂಗು ಒಳಗಿಟ್ಟು, ದಿನಗಟ್ಟಲೆ ನೋಡುತ್ತಿದ್ದಳು. ಹಸಿವಾದಾಗ ಆ ಗೆದ್ದಲನ್ನೇ ತಿನ್ನುತ್ತಿದ್ದಳು, ಅದು ಬೇರೆ ಮಾತು. ವಾರಕ್ಕೊಂದು ಹುತ್ತ, ವಾರಕ್ಕೊಂದು ಬಿಲ. ಹಾಗಾಗಿ ಅವಳ ಬಾಗಿಲಲ್ಲಿ ಒಂದು ಕಲ್ಲೂ ಇರಲಿಲ್ಲ.

ಆ ವರ್ಷ ಬಿಸಿಲಿಗೆ ಕೆರೆ ಬತ್ತಿತು. ಆನೆಯಮ್ಮನ ಮರಿ ಹುಟ್ಟಿ ಒಂಬತ್ತು ದಿನವಾಗಿತ್ತಷ್ಟೆ. ಅಮ್ಮನಿಗೆ ನೀರಿಲ್ಲ, ಮರಿಗೆ ಹಾಲಿಲ್ಲ.

"ಮುಸುವಪ್ಪ, ನೀರು ಎಲ್ಲಿದೆ ಹೇಳಪ್ಪ. ನನ್ನ ಮಗು ಉಳಿಯಲ್ಲ," ಎಂದಳು ಆನೆಯಮ್ಮ.

ಮುಸುವಪ್ಪನಿಗೆ ಏನೂ ಗೊತ್ತಿರಲಿಲ್ಲ. ಆದರೆ ಅಷ್ಟು ದೊಡ್ಡ ಗುಡ್ಡೆಯ ಮೇಲೆ ಕೂತವನು ಗೊತ್ತಿಲ್ಲ ಎನ್ನುವುದು ಹೇಗೆ? "ಇಲ್ಲೇ, ನನ್ನ ಮರದ ಪಕ್ಕದಲ್ಲೇ ಅಗೀರಿ," ಎಂದುಬಿಟ್ಟ.

ಬೆಳಗಿನಿಂದ ಸಂಜೆವರೆಗೂ ಅಗೆದರು. ಸಿಕ್ಕಿದ್ದು ಬರೀ ಬಂಡೆ. ಮರಿಯಾನೆ ಮೊಣಕಾಲೂರಿ ಕುಸಿಯಿತು. ಮುಸುವಪ್ಪ ಬಾಲ ಮಡಚಿಕೊಂಡು ಮೇಲಿನ ಕೊಂಬೆಗೆ ಹತ್ತಿದ.

ಆಗ ಮರಕುಟಿಗ ಹೇಳಿತು: "ಚಿಪ್ಪಕ್ಕನ್ನ ಕೇಳಿದರೆ ಹೇಗೆ?"

"ಯಾರವಳು? ಅವಳ ಹೆಸರಿನ ಒಂದು ಕಲ್ಲೂ ನಾನು ನೋಡಿಲ್ಲವಲ್ಲ!" ಎಂದ ಮುಸುವಪ್ಪ ಮೇಲಿನಿಂದಲೇ.

"ನನ್ನ ಮರದ ಬುಡದಲ್ಲಿದೆ ನೋಡು. ಹುತ್ತದ ಒಳಗೆ ಗಾಳಿ ಹೇಗೆ ಆಡುತ್ತೆ ಅಂತ ಅವಳು ಹೇಳಿದಳು. ಪೊಟರೆಗೆ ಮೇಲೊಂದು ಕಿಂಡಿ ಕೊರೆದೆ, ಮರಿಗಳಿಗೆ ಸೆಕೆ ಹೋಯಿತು. ಅವಳ ಬಿಲ ಸಿಗಲಿಲ್ಲ, ಅದಕ್ಕೇ ಕಲ್ಲು ನನ್ನ ಮನೇಲೇ ಇಟ್ಟೆ."

"ಅಯ್ಯೋ, ನಾನೂ ಹಾಗೇ ಮಾಡಿದೆ!" ಎಂದಿತು ಜಿಂಕೆ. "ಗಾಯಕ್ಕೆ ಹುತ್ತದ ಮಣ್ಣು ಮೆತ್ತು ಅಂದಿದ್ದು ಅವಳೇ."

"ಗೆದ್ದಲಿಗೆ ರೆಕ್ಕೆ ಬಂದರೆ ಮಳೆ ಬರುತ್ತೆ, ಮೊಟ್ಟೆ ದಿಣ್ಣೆ ಮೇಲಿಡು ಅಂದಳು," ಎಂದಿತು ಕಾಡುಕೋಳಿ. "ನಮ್ಮ ಪೊದೆಯಲ್ಲೂ ಅವಳ ಕಲ್ಲಿದೆ."

ಆನೆಯಮ್ಮ ಸುತ್ತ ನೋಡಿದಳು. ಪೊಟರೆಯ ಕೆಳಗೆ, ಪೊದೆಯ ಒಳಗೆ, ಜಿಂಕೆ ಮಲಗುವ ಹುಲ್ಲಿನ ಪಕ್ಕ, ಕಣ್ಣು ಹಾಯುವವರೆಗೂ ಎರಡು, ನಾಲ್ಕು, ಹತ್ತು ಬಿಳಿ ಕಲ್ಲುಗಳು ಸಂಜೆ ಬಿಸಿಲಿಗೆ ಮಿನುಗುತ್ತಿದ್ದವು. ಹಕ್ಕಿಯ ಮನೆಗೂ ಜಿಂಕೆಯ ಗಾಯಕ್ಕೂ ಏನು ಸಂಬಂಧ? ಹುತ್ತದ ಮುಂದೆ ಮಲಗಿದ್ದ ಒಬ್ಬ ಚಿಪ್ಪಕ್ಕ! ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಹುತ್ತದಿಂದ ಹುತ್ತಕ್ಕೆ ಓಡಿ ಹುಡುಕಿ, ಒಂದು ಹುತ್ತದ ಪಕ್ಕ ಸಿಕ್ಕವಳನ್ನು ಕೇಳಿದಾಗ ಚಿಪ್ಪಕ್ಕ ಹೇಳಿದಳು: "ನೀರಿನ ವಿಷಯ ನನಗೆ ಗೊತ್ತಿಲ್ಲಮ್ಮ. ಗೆದ್ದಲಿನ ವಿಷಯ ಮಾತ್ರ ಗೊತ್ತು. ಇಂಥ ಬಿಸಿಲಲ್ಲೂ ಈ ಹುತ್ತಕ್ಕೆ ಒದ್ದೆ ಮಣ್ಣು ಮೆತ್ತುತ್ತಿವೆ. ಎಲ್ಲಿಂದಲೋ ತರುತ್ತಿರಬೇಕಲ್ಲ? ಹುತ್ತ ಮುಟ್ಟಬೇಡಿ, ಪಕ್ಕದಲ್ಲಿ ಅಗೆದು ನೋಡಿ."

ಚಿಪ್ಪಕ್ಕ ಉಗುರು ಹಾಕಿದಳು, ಆನೆಯಮ್ಮ ಕಾಲು ಹಾಕಿದಳು. ಮಣ್ಣು ತಂಪಾಯಿತು, ಕೆಸರಾಯಿತು, ಆಮೇಲೆ ನೀರು ಜಿನುಗಿ ಗುಂಡಿ ತುಂಬಿತು. ಆನೆಯಮ್ಮ ಹೊಟ್ಟೆ ತುಂಬ ಕುಡಿದಳು. ಸ್ವಲ್ಪ ಹೊತ್ತಿಗೆ ಮರಿ ಎದ್ದು ಹಾಲಿಗೆ ಬಾಯಿ ಹಾಕಿತು.

ಮುಸುವಪ್ಪ ಮೆಲ್ಲಗೆ ಇಳಿದು ಬಂದ. ತನ್ನ ಗುಡ್ಡೆಯಿಂದ ಒಂದು ಕಲ್ಲು ತಂದು ಚಿಪ್ಪಕ್ಕನ ಮುಂದೆ ಇಟ್ಟ. ನೆಂಟರಲ್ಲದವರಿಗೆ ಅವನು ಇಟ್ಟ ಮೊದಲ ಕಲ್ಲು ಅದು.

"ಇದೇನು?" ಎಂದಳು ಚಿಪ್ಪಕ್ಕ. ಅದನ್ನು ಎತ್ತಿ, ಅಡಿಯಲ್ಲಿ ಹುಳ ಇದೆಯೇ ಎಂದು ನೋಡಿದಳು!

"ನಿನ್ನ ಹೆಸರಿನ ಕಲ್ಲು ಅಕ್ಕ. ಈ ಕಾಡಿನ ತುಂಬ ಇವೆ."

ಚಿಪ್ಪಕ್ಕ ಆ ಕಲ್ಲನ್ನು ಕೈಯಲ್ಲಿ ಹಿಡಿದು ನಡೆದು, ಹುತ್ತದ ಬಾಗಿಲಲ್ಲಿ ಇಟ್ಟಳು.

"ನನಗೆ ಹೇಳಿಕೊಟ್ಟಿದ್ದು ಈ ಗೆದ್ದಲುಗಳು," ಎಂದಳು.

ನೀತಿ: ಒಬ್ಬರ ಬಾಗಿಲಲ್ಲಿ ಎಷ್ಟು ಕಲ್ಲು ಬಿದ್ದಿವೆ ಎಂದು ಎಣಿಸಬೇಡಿ; ಅವರ ತಿಳಿವಳಿಕೆ ಎಷ್ಟು ಮನೆಗಳನ್ನು ತಲುಪಿದೆ ಎಂದು ನೋಡಿ.