ನೆಲಕ್ಕೆ ಹಲ್ಲು ಬಂದದ್ದು

ಭೂಮಿ ಇನ್ನೂ ಸುಡದ ಹಸಿ ಗಡಿಗೆಯ ಹಾಗೆ ಇದ್ದ ಕಾಲ. ಆಗ ನೆಲಕ್ಕೆ ಹಲ್ಲಿರಲಿಲ್ಲ. ಯಾವುದೂ ಕೊಳೆಯುತ್ತಿರಲಿಲ್ಲ. ಬಿದ್ದ ಎಲೆ ಬಿದ್ದಲ್ಲೇ. ಸುಮ್ಮನೆಯೂ ಇರುತ್ತಿರಲಿಲ್ಲ. ತನ್ನನ್ನು ಕೊನೆಯ ಸಲ ಮುಟ್ಟಿದವರ ದನಿಯಲ್ಲಿ ಮಾತಾಡುತ್ತಿತ್ತು.

ಲಗಮಪ್ಪನ ಕಬ್ಬಿನ ಒಣಗರಿ, ಅಂದರೆ ರವದಿ, ಸುಲಿದವಳು ಅವನ ಹೆಂಡತಿ ಸತ್ಯವ್ವ. ಸುಲಿದು ಸಾಲಿನಲ್ಲಿ ಹಾಸಿದಳು. ಕಬ್ಬು ಕಡಿಯುವ ಹೊತ್ತಿಗೆ ಅವಳಿರಲಿಲ್ಲ.

ಗಾಳಿ ಬಂದರೆ ರವದಿ ಸರಸರ ಅನ್ನುತ್ತಿತ್ತು. "ಉಂಡಿಯೇನ?" ಅನ್ನುತ್ತಿತ್ತು. ಅವಳದೇ ದನಿ.

"ಉಂಡೆ," ಅನ್ನುತ್ತಿದ್ದ ಲಗಮಪ್ಪ. ಉಂಡಿರುತ್ತಿರಲಿಲ್ಲ.

"ಸುಳ್ಳ," ಅನ್ನುತ್ತಿತ್ತು ರವದಿ.

ನೆನೆದ ರವದಿ ಮಾತಾಡುವುದಿಲ್ಲ. ಅದಕ್ಕೇ ಅವನು ಸಾಲಿಗೆ ಒಡ್ಡು ಹಾಕಿ ನೀರು ತಡೆದ. ಕಡಿದ ಬುಡದಿಂದ ಮತ್ತೆ ಚಿಗುರಿದ ಕೂಳೆ ಬಾಯಾರಿ ಸುರುಟಿತು.

ಅವನ ಅಕ್ಕ ಬಾಳವ್ವ ಬಂದು ಬದುವಿನ ಮೇಲೆ ನಿಂತಳು. "ಒಣ ಎಲಿ ಜೋಡಿ ಸಂಸಾರ ಮಾಡಾಕ ಹತ್ತೀಯಲ್ಲೋ. ಕೂಳೆ ಸತ್ತರ ನಿನ್ನ ಮಗಳು ಏನು ತಿನ್ನಬೇಕು? ಈ ಸರಸರ ಸದ್ದು ತಿನ್ನಬೇಕೇನು?"

ಅವಳು ಹೋದಳು. ಆಗ ಕಾಲ ಕೆಳಗಿನಿಂದ ನೆಲ ಮಾತಾಡಿತು. ಮೆಲ್ಲಗೆ.

"ಆ ರವದಿ ನನಗ ಕೊಡು."

"ಏನ ಮಾಡ್ತಿ?"

"ತಿಂತೀನಿ. ತಿಂದು ಕೂಳೆಗೆ ಉಣಿಸ್ತೀನಿ. ನನಗ ಹಲ್ಲಿಲ್ಲ. ನೀರು ಬಿಡು. ಕೂಳೆ ತನ್ನ ಹಸಿರು ಕೊಡಲಿ, ಅದರಾಗ ಹಲ್ಲು ಮಾಡ್ಕೋತೀನಿ."

"ಕೊಟ್ಟು ಕೂಳೆ ಸತ್ತರ?"

"ಗೊತ್ತಿಲ್ಲ," ಅಂದಿತು ನೆಲ. "ನಾನೂ ಇನ್ನೂ ತಿಂದು ನೋಡಿಲ್ಲ."

ಲಗಮಪ್ಪ ರವದಿಯ ಹತ್ತಿರ ಕೂತ. ಗಾಳಿ ಬಂತು.

"ಉಂಡಿಯೇನ?"

"ಇಲ್ಲ," ಅಂದ. "ಮಗಳೂ ಉಂಡಿಲ್ಲ."

ಗಾಳಿಯಿತ್ತು, ಆದರೂ ರವದಿ ಅಲುಗಲಿಲ್ಲ.

"ಹಂಗಾದರ ಒಡ್ಡು ಒಡಿ," ಅಂದಿತು.

ಸಲಿಕೆ ತಗೊಂಡು ಒಡೆದ. ನೀರು ಸಾಲಿನಿಂದ ಸಾಲಿಗೆ ಹೋಯಿತು. ಹೋದಲ್ಲೆಲ್ಲ ದನಿ ಆರಿತು.

ಕೆಲವು ದಿನ ಬಿಟ್ಟು ರವದಿ ಎತ್ತಿ ನೋಡಿದ. ಅಡಿಯಲ್ಲಿ ಬಿಳಿ ಎಳೆ, ಜೇಡನ ನೂಲಿನಂಥವು. ನೆಲಕ್ಕೆ ಹಲ್ಲು ಬಂದಿತ್ತು. ಕೈಯಿಟ್ಟರೆ ಬೆಚ್ಚಗಿತ್ತು, ಒಳಗೆ ಯಾರೋ ಮಲಗಿದ ಹಾಗೆ.

ಕೂಳೆ ಮಾತ್ರ ಹಳದಿಯಾಯಿತು. ದನಿಯೂ ಹೋಯಿತು, ಕೂಳೆಯೂ ಹೋಯಿತು ಅಂದುಕೊಂಡ. ಕೀಳಲು ಬಗ್ಗಿದ.

"ತಾಳೋ," ಅಂದಳು ಬದುವಿಗೆ ಮತ್ತೆ ಬಂದಿದ್ದ ಬಾಳವ್ವ; ನೆಲದ ಮಾತನ್ನು ಅವನು ಅವಳಿಗೆ ಹೇಳಿದ್ದ. "ಹೊಸ ಹಲ್ಲು. ಮೆಲ್ಲಗ ಅಗಿತೈತಿ."

ತಾಳಿದ. ರವದಿ ಕಪ್ಪಾಯಿತು, ಮೆತ್ತಗಾಯಿತು, ಮಣ್ಣಾಯಿತು. ಗಾಳಿ ಬಂದರೂ ಸಾಲಿನಲ್ಲಿ ಸದ್ದಿಲ್ಲ. ಆಮೇಲೆ ಕೂಳೆ ಎದ್ದಿತು, ಕಡುಹಸಿರಾಗಿ, ಮೊಣಕಾಲೆತ್ತರ.

ಅದಕ್ಕೇ ನೋಡು ಮಗಾ, ಇವತ್ತಿಗೂ ರವದಿ ಹಾಸಿ ನೀರು ಬಿಟ್ಟ ಹೊಲದಲ್ಲಿ ಕೂಳೆ ಮೊದಲು ಹಳದಿಯಾಗುತ್ತದೆ, ಆಮೇಲೆ ಹಸಿರಾಗುತ್ತದೆ. ನಡುವಿನ ದಿನಗಳಲ್ಲಿ ನೆಲ ತಿನ್ನುತ್ತಿರುತ್ತದೆ, ಮಾತಾಡಿಸಬಾರದು.