ಜೀಪಿನ ಹೊಸ ಸ್ವಿಚ್ಚು

ಮಲಪ್ರಭೆಯ ದಂಡೆಯಲ್ಲೊಂದು ಆಶ್ರಮ. ಅಲ್ಲಿಯ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅವರು ಜೀಪಿನಲ್ಲಿ ಊರೂರಿಗೆ ಹೋಗಿ ಮಕ್ಕಳಿಗೆ ಪಾಠ ಹೇಳಿ ಬರುತ್ತಿದ್ದರು. ಚಿತ್ರ ತೋರಿಸಲು ಜೀಪಿನ ಹಿಂದೆ ಒಂದು ಪರದೆ, ಅದನ್ನು ನಡೆಸಲು ಸೀಟಿನಡಿ ಒಂದು ಲ್ಯಾಪ್‌ಟಾಪು.

ದೂಳಿಗೆ ಹೆದರಿ ಲ್ಯಾಪ್‌ಟಾಪನ್ನು ಮುಚ್ಚಿಯೇ ಇಡಬೇಕು. ಅದನ್ನು ಶುರು ಮಾಡುವ ಗುಂಡಿಯೋ ಮುಚ್ಚಳದೊಳಗೆ. ಸಲಸಲಕ್ಕೂ ಸೀಟು ಎತ್ತುವ ಪಜೀತಿ ಬೇಡವೆಂದು ಶಿಷ್ಯ ಚನ್ನವೀರ ಆ ಗುಂಡಿಯಿಂದ ಎರಡು ತಂತಿ ಎಳೆದು, ಸ್ಟೇರಿಂಗಿನ ಪಕ್ಕ ಮನೆದೀಪದ ಸ್ವಿಚ್ಚೊಂದನ್ನು ಕೂಡಿಸಿದ.

ಮರುದಿನದ ಪಾಠ ಅವನದೇ, ಮೊದಲ ಸಲ.

ಸ್ವಿಚ್ಚು ಹಾಕಿದ. ಪರದೆ ಬೆಳಗಿತು. ಹಿಗ್ಗುವಷ್ಟರಲ್ಲಿ ಆರಿತು. ತಂತಿ ಬಿಚ್ಚಿ ಮತ್ತೆ ಬೆಸೆದ. ಮತ್ತೆ ಆರಿತು.

"ಅಜ್ಜಾ, ಇದು ಎದ್ದಂಗ ಮಾಡಿ ಮಲಗ್ತದ್ರಿ. ಯಾಕಿರಬಹುದು?"

"ನೀ ಏನ ಮಾಡಿದಿ?"

"ಸ್ವಿಚ್ ಒತ್ತೀನ್ರಿ."

"ಆಮ್ಯಾಲೆ?"

"ಆಮ್ಯಾಲೇನಿಲ್ರಿ. ಅದು ಒತ್ತಿದಂಗ ಇರ್ತದ."

ಅಜ್ಜಾರು ನೆಲದ ಮೇಲೆ ಕೂತಿದ್ದ ಅವನ ಹೆಗಲಿಗೆ ಕೈಯಿಟ್ಟರು. "ಏಳಪಾ, ಊಟಕ್ಕ ನಡಿ."

ಚನ್ನವೀರ ಏಳಹೋದ. ಕೈ ಸರಿಯಲಿಲ್ಲ, ಇನ್ನಷ್ಟು ಒತ್ತಿತು.

"ಏಳಂದ್ನಲ್ಲೋ!"

"ಕೈ ತಗೀರಿ ಅಜ್ಜಾ! ಹಿಂಗ ಒತ್ತಿ ಹಿಡದ್ರ ಹೆಂಗ ಏಳ್ಲಿ?"

ಅಜ್ಜಾರು ಕೈ ತೆಗೆದರು. ಏನೂ ಆಗಿಲ್ಲವೆಂಬಂತೆ ತಾವೇ ಊಟಕ್ಕೆ ನಡೆದರು.

ಚನ್ನವೀರ ಅಲ್ಲೇ ಕೂತು ಸ್ವಿಚ್ಚನ್ನು ದಿಟ್ಟಿಸಿದ. ಒಳಗಿನ ಗುಂಡಿಯನ್ನಾದರೆ ಬೆರಳಿನಿಂದ ಒತ್ತಿ ಕೂಡಲೇ ಬಿಡುತ್ತಿದ್ದ. ಈ ಸ್ವಿಚ್ಚು ಬಿಡುವುದೇ ಇಲ್ಲ. ಒತ್ತಿಯೇ ಹಿಡಿದರೆ ಲ್ಯಾಪ್‌ಟಾಪು ಆರದೆ ಏನು ಮಾಡೀತು? ತನ್ನ ದಡ್ಡತನಕ್ಕೆ ತಾನೇ ನಕ್ಕ.

ಊಟ ಮರೆತೇ ಹೋಯಿತು. ಅತಿಥಿಗಳ ಕೋಣೆಯ ಕರೆಗಂಟೆಯ ಗುಂಡಿಯನ್ನು ಬಿಚ್ಚಿ ತಂದು ಸ್ವಿಚ್ಚಿನ ಜಾಗದಲ್ಲಿ ಕೂಡಿಸಿದ. ಒತ್ತಿದ, ಬಿಟ್ಟ. ಪರದೆ ಬೆಳಗಿತು, ಬೆಳಗಿಯೇ ಇತ್ತು.

ಬೆಳಿಗ್ಗೆ ಜೀಪು ಹೊರಟು ನಿಂತಿತು. ಅಜ್ಜಾರು ಹತ್ತಲಿಲ್ಲ. ಚನ್ನವೀರ ಜೀಪಿನಿಂದ ತಲೆ ಹೊರಗೆ ಹಾಕಿದ.

"ನೀವೂ ಬರ್ರಿ ಅಜ್ಜಾ. ನಾ ಎಲ್ಲೆರ ತಪ್ಪಿದ್ರ ಬಾಜೂಕ ನೀವಿರಬೇಕು."

"ಇವತ್ತಷ್ಟ?"

"ಯಾವತ್ತೂ ಇದ್ರ ಇನ್ನೂ ಛಲೋರಿ."

ಅಜ್ಜಾರು ನಕ್ಕು ಜೀಪಿನಿಂದ ಒಂದು ಹೆಜ್ಜೆ ಹಿಂದೆ ಸರಿದರು.

"ನಿನ್ನ ಚಾಲೂ ಮಾಡೂದಿತ್ತು, ಮಾಡೀನಿ. ಇನ್ನ ಒತ್ತಿ ಹಿಡೀಲೇನು?"