ಎಮ್ಮೆಲ್ಲೆ ಕೇಳಿದ ಹೂವು

ಸ್ವಲ್ಪ ಹತ್ತಿರ ಬಂದು ಕೂತ್ಕೊಳ್ಳಿ. ಇದು ಗಟ್ಟಿಯಾಗಿ ಹೇಳುವ ಮಾತಲ್ಲ. ಕೇಳಿದ್ದನ್ನು ಇಲ್ಲೇ ಬಿಟ್ಟು ಎದ್ದು ಹೋಗಬೇಕು. ನಲ್ಲಿ ಹತ್ತಿರ ಯಾರಾದರೂ ಕೆದಕಿದರೆ, ಈ ದೇವೀರವ್ವ ಬಾಯೇ ಬಿಡಲಿಲ್ಲ ಅನ್ನಬೇಕು.

ಹೊಳೆಮಠದ ಸ್ವಾಮಿಗಳು, ನಮ್ಮ ಬುದ್ಧಿಯೋರು, ದೇವರ ಹೂವಿನಲ್ಲೇ ಆಟ ಆಡಿಬಿಟ್ಟರು. ನಾನು ಕಣ್ಣಾರೆ ಕಂಡೆ. ಮಠದ ಗೋಡೆಗೆ ನಮ್ಮನೆ ಗೋಡೆ ಅಂಟಿಕೊಂಡಿದೆ. ಗದ್ದುಗೆಗೆ ದಿನವೂ ಹೂವು ಕೊಡುವವಳು ನಾನೇ.

ನಮ್ಮ ಎಮ್ಮೆಲ್ಲೆ ಗುರುಮಲ್ಲಪ್ಪ ಆ ಮಠದಲ್ಲಿ ಉಂಡು ಓದಿದ ಶಿಷ್ಯ. ಆಗಲೇ ಮೂರು ಸಲ ಪಕ್ಷ ಬಿಟ್ಟವನು. ಹಳೇ ಪಕ್ಷದ ಶಾಲುಗಳನ್ನೆಲ್ಲ ಅವನ ಹೆಂಡತಿ ಹರಿದು ಒಲೆ ಒರೆಸುತ್ತಾಳೆ. ಅವರ ಮನೆಯಲ್ಲಿ ಮಸಿಬಟ್ಟೆಗೆ ಬರವಿಲ್ಲ.

ಹಾರುವ ಮುಂಚೆ ಪ್ರತಿ ಸಲವೂ ಗದ್ದುಗೆ ಮುಂದೆ ಕೂತು ಹೂವು ಕೇಳುತ್ತಾನೆ. ಬಲಗಡೆ ಬಿದ್ದರೆ ಹೋಗು, ಎಡಗಡೆ ಬಿದ್ದರೆ ಬೇಡ. ಪ್ರತಿ ಸಲವೂ ಬಲಗಡೆಯೇ ಬಿದ್ದಿತ್ತು. ಹಳೇ ಪೂಜಾರಿಯ ಕೈ ಬೆಚ್ಚಗಾಗಿತ್ತು ಅಂತ ನಾನು ಹೇಳಲಿಲ್ಲ, ಊರು ಹೇಳುತ್ತದೆ.

ಮೊನ್ನೆ ನಾಲ್ಕನೇ ಸಲಕ್ಕೆ ಬಂದ. ತಮ್ಮ ಪಕ್ಷಕ್ಕೆ ಬಂದರೆ ಮಂತ್ರಿ ಮಾಡುತ್ತೇವೆ ಅಂತ ಹೊಸಬರು ಆಸೆ ತೋರಿಸಿದ್ದರು. ಈ ಸಲ ಹೋದರೆ ಮತ್ತೆ ನಮ್ಮೂರಿಗೆ ಕಾಲಿಡಬೇಡ ಅಂತ ಗೆಲ್ಲಿಸಿದ ಜನ ಮುಖಕ್ಕೇ ಹೇಳಿದ್ದರು.

ಅವನು ಬರುವ ಮುಂಚೆ ಬುದ್ಧಿಯೋರು ನನ್ನನ್ನು ಕರೆದರು.

"ದೇವೀರವ್ವ, ಇವತ್ತು ಬಿಡಿ ಹೂವು ಬೇಡ. ಬಾಳೆನಾರಲ್ಲಿ ಕಟ್ಟಿ ಕೊಡು. ಬಿಗಿಯಾಗಿ ಕಟ್ಟು."

"ಕಟ್ಟಿದ ಹೂವು ಉದುರೋದುಂಟಾ ಬುದ್ಧಿ?"

"ಕಟ್ಟು," ಅಂದರು.

ಕಟ್ಟಿದೆ. ಅವರೇ ಗದ್ದುಗೆಗೆ ಸುತ್ತಿದರು. ಮನೆಗೆ ಹೋಗುವ ಮನಸ್ಸಾಗಲಿಲ್ಲ. ಕಂಬದ ಹಿಂದೆ ಬುಟ್ಟಿ ಇಟ್ಟುಕೊಂಡು ಕೂತೆ.

ಗುರುಮಲ್ಲಪ್ಪ ಬಂದು ಅಡ್ಡಬಿದ್ದ. ನಿದ್ದೆಗೆಟ್ಟು ಕಣ್ಣು ಕೆಂಡವಾಗಿತ್ತು.

"ಏನು ಕೇಳ್ತೀಯೆ?" ಅಂದರು ಬುದ್ಧಿಯೋರು.

"ಹೋಗಲಾ ಬೇಡವಾ ಅಂತ."

"ಹೂವು ಬೀಳದೇ ಇದ್ದರೆ?"

"ಹಂಗೆ ಯಾವತ್ತೂ ಆಗಿಲ್ಲ ಬುದ್ಧಿ."

"ಬಿದ್ದ ಹೂವು ಮಾತಾಡ್ತದೆ. ನಿಂತ ಹೂವು ಮೂಗಿಯಾ?"

ಅವನು ಗದ್ದುಗೆಯನ್ನೇ ನೋಡುತ್ತ ಕೂತ. ಜೇಬಿನಲ್ಲಿ ಫೋನು ಗುಂಯ್‌ಗುಟ್ಟುತ್ತಲೇ ಇತ್ತು.

ಬಿಸಿಲು ಏರಿತು. ಹೊರಗೆ ಕಾರಿನಲ್ಲಿ ಕಾಯುತ್ತಿದ್ದ ಹೊಸ ಪಕ್ಷದವನೊಬ್ಬ ಒಳಗೆ ಬಂದ. ಹೆಗಲ ಮೇಲೆ ಹೊಸ ಶಾಲು, ಮಡಿಕೆ ಕೂಡ ಬಿಚ್ಚಿಲ್ಲ.

"ಅಣ್ಣ, ದೊಡ್ಡೋರು ವೇದಿಕೆ ಹತ್ತಿ ಕೂತವ್ರೆ. ಏಳಿ."

"ಹೂವು ಬಿದ್ದಿಲ್ಲ ಕಣಪ್ಪ."

"ಅಷ್ಟೇನಾ? ಬಲಗಡೆ ಒಂಚೂರು ತಟ್ಟಿಬಿಡಿ. ದೇವ್ರೇನು ಕೇಸು ಹಾಕ್ತಾನಾ?"

ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡೆ.

ಗುರುಮಲ್ಲಪ್ಪ ಬುದ್ಧಿಯೋರ ಮುಖ ನೋಡಿದ.

"ತಟ್ಟು ಮಲ್ಲಪ್ಪ," ಅಂದರು ಅವರು. "ಬೇಡ ಅಂದೋರು ಯಾರು?"

ಅವನು ಎದ್ದು ಗದ್ದುಗೆಯ ತೀರ ಹತ್ತಿರಕ್ಕೆ ಹೋದ. ಕೈ ಎತ್ತಿದ. ಹೂವಿನ ಮುಂದೆ ಬಾಗಿ ನಿಂತೇ ಇದ್ದ. ಸಿಕ್ಕಿಬಿದ್ದೆವು, ನಾಳೆ ಮಠದ ಮಾನ ಹರಾಜು ಅಂದುಕೊಂಡೆ.

ಅವನು ಕೈ ಇಳಿಸಿದ. ಬಂದು ಮೊದಲಿದ್ದ ಜಾಗದಲ್ಲೇ ಕೂತ.

"ನೀವು ಹೊರಡಿ," ಅಂದ ಕಾರಿನವನಿಗೆ. "ದೇವರು ಅಪ್ಪಣೆ ಕೊಡಲಿಲ್ಲ ಅಂತ ಹೇಳಿ."

"ಮಂತ್ರಿ ಕುರ್ಚಿ ಮೇಲೆ ಬೇರೆಯೋರು ಕೂತ್ಕೋತಾರೆ ಅಣ್ಣ."

"ಕೂತ್ಕೊಳ್ಳಲಿ. ಅವರಾದ್ರೂ ನಿದ್ದೆ ಮಾಡ್ತಾರೇನೋ ನೋಡೋಣ."

ಕಾರು ಧೂಳೆಬ್ಬಿಸಿಕೊಂಡು ಹೋಯಿತು. ಆ ಸದ್ದು ಹೊಳೆ ದಾಟುವವರೆಗೂ ಗುರುಮಲ್ಲಪ್ಪ ಕಿವಿಗೊಟ್ಟು ಕೂತಿದ್ದ. ಆಮೇಲೆ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗೆ ಉಸಿರು ಬಿಟ್ಟ.

"ಬುದ್ಧಿ, ಹಸಿವಾಗ್ತಿದೆ," ಅಂದ.

ಮಠದ ಪಂಕ್ತಿಯಲ್ಲಿ ಕೂತು ಮುದ್ದೆ, ಸೊಪ್ಪಿನ ಸಾರು ಉಂಡ. ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡ. ಫೋನು ಆರಿಸಿ, ಜಗಲಿಯ ಬರೀ ನೆಲದ ಮೇಲೆ ಹಾಗೇ ಬಿದ್ದುಕೊಂಡ. ಅವನ ಗೊರಕೆ ನಮ್ಮ ಅಡಿಗೆಮನೆಗೆ ಕೇಳಿಸುತ್ತಿತ್ತು.

ಇಷ್ಟು ಕಂಡ ಮೇಲೆ ನಾನು ಸುಮ್ಮನಿರುವುದುಂಟಾ? ಸಂಜೆ ಬುದ್ಧಿಯೋರು ಹೊಳೆ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದಾಗ ಹೋಗಿ ನಿಂತೆ.

"ಬುದ್ಧಿ, ತಪ್ಪು ತಿಳೀಬೇಡಿ. ಹೂವು ಬೀಳದ ಹಂಗೆ ಕಟ್ಟಿಸಿದ್ರಿ. ಅವನು ಅದನ್ನ ದೇವರ ಮಾತು ಅಂತ ನಂಬಿ ಕೂತ. ಅಷ್ಟು ದೊಡ್ಡ ಮನುಷ್ಯನ್ನ ಹಿಂಗೆ ಏಮಾರಿಸಬೋದಾ?"

ಅವರು ಹೊಳೆಯ ಕಡೆಯಿಂದ ಮುಖ ತಿರುಗಿಸಿ ನನ್ನನ್ನೇ ನೋಡಿದರು.

"ಹುಡುಗ ಆಗಿದ್ದಾಗ ಅವನಿಗೆ ಹೂ ಕಟ್ಟೋದು ಕಲಿಸಿದವಳು ನೀನೇ ಅಲ್ಲವಾ ದೇವೀರವ್ವ? ಅಷ್ಟು ಹತ್ತಿರ ಹೋಗಿ ನೋಡಿದವನಿಗೆ ನಾರು ಕಾಣಲಿಲ್ಲ ಅಂದ್ಕೊಂಡೆಯಾ?"